ಹನ್ನೊಂದನೆಯ ಪ್ರಶ್ನೆ

ಬ್ಯಾಂಕಿನ ಕೌಂಟರು ಬಿಟ್ಟು, ಐವತ್ತೆರಡರಲ್ಲಿ
ಕಾಲಿನಾದ ಕ್ಲಾಸಿನಲ್ಲಿ ಕೂತವಳು ನಾನು.
ಹುಡುಗರು ಆಂಟಿ ಅನ್ನುತ್ತಾರೆ, ನೋಟ್ಸು ಕೇಳುತ್ತಾರೆ.
ಡೊಂಬಿವಲಿಯಿಂದ ಕುರ್ಲಾದವರೆಗೆ, ಸೀಟು ಸಿಕ್ಕರೆ,
ಸಂಶೋಧನಾ ಲೇಖನ ಓದುತ್ತೇನೆ.
ಪಾರಸ್ನಿಸ್ ಬಾಯಿ ಹೇಳಿದ್ದಾರೆ: ಸಾರಾಂಶ ನಂಬಬೇಡ,
ಅದು ಮದುವೆ ದಲ್ಲಾಳಿಯ ಮಾತು.
ನಡುಮನೆ ದಾಟಿ ನೇರ ಹಿತ್ತಿಲಿಗೆ ಹೋಗು,
ಯಾರನ್ನು ಕೇಳಿದರು, ಎಷ್ಟು ಜನರನ್ನು, ಹೇಗೆ.
ಹೋದೆ. ಮನುಷ್ಯರ ಒಂಟಿತನ ಎಂದು ಶುರುವಾದ ಲೇಖನದ
ಮನುಷ್ಯರೆಲ್ಲ ಒಂದೇ ಕಾಲೇಜಿನ ಎಂಬತ್ತೆರಡು ಹುಡುಗರು,
ಹಾಜರಿ ಅಂಕಕ್ಕೆ ಬಂದು ಕೂತವರು.
ಘಾಟ್ಕೋಪರಿನಲ್ಲಿ ನನ್ನ ಕಾಲು ತುಳಿದವಳು
ಅದರಲ್ಲಿಲ್ಲ.

ನನ್ನದು ಸಣ್ಣ ಪ್ರಶ್ನೆ: ಊರಿಗೆ ದಿನಾ ಫೋನು ಮಾಡುವವರಿಗೆ
ಬೇಜಾರು ಕಮ್ಮಿಯೇ?
ಇಂಗ್ಲಿಷಿನ ಇಪ್ಪತ್ತು ಪ್ರಶ್ನೆ ಕನ್ನಡಕ್ಕೆ ತಂದೆ.
ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಒಯ್ಯಬೇಕು,
ಹೋದದ್ದೇ ಮರಳಿ ಬಂತೇ ನೋಡಬೇಕು, ನಿಯಮ.
ಮಾಟುಂಗಾದ ವಿಠೋಬ ಶಾನಭಾಗರು ಒಯ್ದರು.
ಹನ್ನೊಂದನೆಯದು ದಾರಿ ತಪ್ಪಿತು.
ಬೇಜಾರು ಎಂದು ಕಳಿಸಿದೆ, ಹೊತ್ತು ಹೋಗುವುದಿಲ್ಲ ಎಂದು ಬಂತು.
ಬೇಸರ ಎಂದೆ, ಯಾರ ಮೇಲೋ ಸಿಟ್ಟಾಗಿ ಬಂತು.
ದುಃಖ ಎಂದೆ. ಶಾನಭಾಗರು ಫೋನು ಮಾಡಿ
ಯಾರು ಹೋದರು? ಅಂದರು.
ಕೊನೆಗೆ, ಮನಸ್ಸು ಭಾರ ಅನ್ನಿಸಿತೇ.
ಮೂರು ವಾರದ ಮೇಲೆ ಅದು ಹಾಗೇ ಮರಳಿತು,
ಸ್ವಲ್ಪ ಬೆವರಿತ್ತು.

ವಡಾಳಾದಲ್ಲಿ ಇಪ್ಪತ್ತೆಂಟು ಮಹಡಿ ಏಳುತ್ತಿತ್ತು.
ತಗಡಿನ ಸಾಲಿನಲ್ಲಿ ಜೇವರ್ಗಿ, ಸಿಂದಗಿ, ಶಹಾಪುರ.
ಒಪ್ಪಿಗೆ ಪತ್ರ ಓದಿ ಹೇಳಿ, ಐದು ಚೌಕ ತೋರಿಸಿ:
ಇಲ್ಲವೇ ಇಲ್ಲ ಎಂಬಲ್ಲಿಂದ ಯಾವಾಗಲೂ ಎಂಬವರೆಗೆ.
ಇಪ್ಪತ್ಮೂರನೆಯವಳು
(ಹೆಸರು ಬರೆಯಕೂಡದು, ಇಲ್ಲೂ ಬರೆಯುವುದಿಲ್ಲ)
ಫೋನಿಲ್ಲದವಳು. ಇದ್ದದ್ದು ಲಿಫ್ಟಿನ ಗುಂಡಿಗೆ ಬಿದ್ದಿತ್ತು.
ನಿದ್ದೆ ಕೆಡುವುದೇ? ಸೊನ್ನೆ. ಅಳು? ಸೊನ್ನೆ.
ಹನ್ನೊಂದಕ್ಕೆ ತಲೆಯ ಸಿಂಬಿ ಬಿಚ್ಚಿ ಕೊಡವಿದಳು:
"ಭಾರ ತಲಿ ಮ್ಯಾಲ ಇರ್ತದ ಬಾಯಾರ.
ಮನಸಿನ ಮ್ಯಾಲ ಹೊತ್ರ ಮೆಟ್ಲ ಹತ್ತೂದ್ಹ್ಯಾಂಗ?"
ಇದಕ್ಕೆ ಚೌಕ ಇರಲಿಲ್ಲ.
ಸೊನ್ನೆಗೇ ಗುರುತು ಹಾಕಿದೆ.

ನಲವತ್ತೊಂದು ಜನ. ಲೆಕ್ಕ ನನಗೆ ಹೊಸದಲ್ಲ,
ಹತ್ತು ಪೈಸೆ ತಾಳೆಯಾಗದೆ ರಾತ್ರಿ ಎಂಟರವರೆಗೆ ಕೂತವಳು.
ಕಂಪ್ಯೂಟರು ಅಂದಿತು: ಸೊನ್ನೆ ಬಿಂದು ಸೊನ್ನೆ ಏಳು.
ಸೊನ್ನೆ ಐದರ ಕೆಳಗಾದರೆ ಉಂಟು, ಮೇಲಾದರೆ ಇಲ್ಲ.
ಕರ್ಸರು ಇಪ್ಪತ್ಮೂರನೆಯ ಸಾಲಿನ ಮೇಲಿಟ್ಟು,
ಸುಮ್ಮನೆ, ನೋಡೋಣವೆಂದು,
ಅಳಿಸಿದೆ.
ಸೊನ್ನೆ ಬಿಂದು ಸೊನ್ನೆ ಮೂರು.
ಫ್ಯಾನು ತಿರುಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಗಳು
ಯಾರಿಗೋ ಫೋನಿನಲ್ಲಿ ನಗುತ್ತಿದ್ದಳು.
ಕಾರಣ ಬೇಕೆಂದರೆ ಸಿಗುತ್ತದೆ: ಪ್ರಶ್ನೆ ಅರ್ಥವಾಗಿಲ್ಲ,
ಅಪವಾದ, ಗುಂಪಿಗೆ ಸೇರದ ಬಿಂದು.
ಎಷ್ಟು ಒಳ್ಳೊಳ್ಳೆಯ ಪದಗಳು.
ಆದರೆ ನಗದು ಎಣಿಸುವಾಗ ಹೆಚ್ಚು ಬಂದ ನೋಟನ್ನೂ
ಸೆರಗಿಗೆ ಕಟ್ಟಿಕೊಳ್ಳುವಂತಿಲ್ಲ.
ಕಂಟ್ರೋಲ್ ಝೆಡ್. ಬಂದಳು, ಎಲ್ಲ ಸೊನ್ನೆಗಳ ಸಮೇತ.

"ಹತ್ತಿರ ಬಂದಿದೆ" ಎಂದು ಬರೆದಿದ್ದೆ.
ಪಾರಸ್ನಿಸ್ ಬಾಯಿ ಹೊಡೆದು ಹಾಕಿದರು:
ಬಂದಿಲ್ಲ ಅಂತ ಬರೆ. ಅಷ್ಟೇ.
ಮತ್ತೆ ಕೇಳಿದರು: ಫೋನಿನಿಂದ ಬೇಜಾರು ಕಮ್ಮಿಯೋ,
ಬೇಜಾರಾದವರು ಫೋನೇ ಎತ್ತುವುದಿಲ್ಲವೋ?
ಗೊತ್ತಿಲ್ಲ ಅಂದೆ.
ಅದನ್ನೂ ಬರೆ ಅಂದರು.

ಆರು ತಿಂಗಳಿಗೆ ಮತ್ತೆ ಕೇಳಬೇಕಿತ್ತು.
ತಗಡಿನ ಸಾಲಿದ್ದಲ್ಲಿ ಈಜುಕೊಳ, ನೀಲಿ ಹೆಂಚು.
ಪನವೇಲ್ ಕಡೆ ಹೋದರಂತೆ.
ನಮೂನೆಯಲ್ಲಿ ಒಂದು ಕಾಲಂ ಇದೆ: ಕೈಬಿಟ್ಟವರು.
ಯಾರು ಯಾರನ್ನು ಎಂದು ಅದು ಕೇಳುವುದಿಲ್ಲ.
ಹದಿನಾಲ್ಕು ಎಂದು ತುಂಬಿದೆ.

ಸಂಜೆ ಕುರ್ಲಾದ ಸೇತುವೆ ಹತ್ತುವಾಗ
ಪುಸ್ತಕದ ಚೀಲ ಹೆಗಲಿಂದ ತೆಗೆದು
ತಲೆಯ ಮೇಲಿಟ್ಟು ನೋಡಿದೆ.
ಜನ ನೋಡಿದರು. ಎಂಟು ಮೆಟ್ಟಿಲು ನಡೆದೆ.
ಏನೋ ಅನ್ನಿಸಿದ್ದು ನಿಜ, ಆದರೆ ಹೇಳುವುದಿಲ್ಲ,
ಒಬ್ಬಳದೇ ಲೆಕ್ಕ, ಸಾಲದು.